53,100 ರೂಪಾಯಿಯ ಗೇಮ್ ಡೆವಲಪ್‌ಮೆಂಟ್ ಕೋರ್ಸ್: ಸೇರುವ ಮುಂಚೆ ಇದನ್ನು ಓದಿ

ನಾನು ತುಮಕೂರಿನಲ್ಲಿ ಬಿಸಿಎ ಎರಡನೇ ವರ್ಷ ಓದುತ್ತಿದ್ದೇನೆ. ಗೇಮ್ ಕಂಪನಿಯಲ್ಲಿ ಕೆಲಸ ಮಾಡಬೇಕು ಅನ್ನೋ ಆಸೆ ಪಿಯುಸಿಯಿಂದಲೂ ಇದೆ. ಆದರೆ ಅಲ್ಲಿ ಏನೇನು ಕೆಲಸ ಇರುತ್ತೆ, ಯಾವುದಕ್ಕೆ ಏನು ಕಲಿಯಬೇಕು ಅಂತ ಹೇಳೋರು ನಮ್ಮ ಕಡೆ ಯಾರೂ ಸಿಗಲಿಲ್ಲ. ಹಾಗಾಗಿ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಹನ್ನೆರಡು ವಾರದ ವೀಕೆಂಡ್ ಕೋರ್ಸ್‌ಗೆ ಸೇರಿದೆ. ಹೋದ ತಿಂಗಳು ಮುಗಿಯಿತು. ಸಂಸ್ಥೆಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ನಾನು ನೋಡಿದ್ದು ಒಂದೇ ಬ್ಯಾಚ್. ಆದರೆ ಇಂಥ ಕೋರ್ಸ್‌ಗೆ ದುಡ್ಡು ಕಟ್ಟೋಕೆ ಯೋಚನೆ ಮಾಡ್ತಿರೋರಿಗೆ ಇದು ಉಪಯೋಗ ಆಗುತ್ತೆ.

ಮೊದಲು ದುಡ್ಡಿನ ವಿಷಯ. ಫೋನಿನಲ್ಲಿ ಹೇಳಿದ್ದು 45,000. ರಸೀದಿ ಕೈಗೆ ಬಂದಾಗ ಅದರ ಮೇಲೆ 18% ಜಿಎಸ್‌ಟಿ ಸೇರಿ 53,100 ಆಗಿತ್ತು. ಮೂರು ಕಂತು. ಶನಿವಾರ ನಾಲ್ಕು ಗಂಟೆ, ಭಾನುವಾರ ನಾಲ್ಕು ಗಂಟೆ, ಒಟ್ಟು 96 ಗಂಟೆ ಕ್ಲಾಸು. ಅಂದರೆ ಗಂಟೆಗೆ 550 ರೂಪಾಯಿ ಮೇಲೆ. ಬೆಳಿಗ್ಗೆ ಟ್ರೇನಿನಲ್ಲಿ ಯಶವಂತಪುರಕ್ಕೆ ಬಂದು, ಅಲ್ಲಿಂದ ಮೆಟ್ರೋ ಹಿಡಿದು ಹೋಗಬೇಕಿತ್ತು. ಅಪ್ಪ ಚೀಟಿ ಎತ್ತಿ ಕಟ್ಟಿದ ದುಡ್ಡು, ಆದ್ದರಿಂದ ಒಂದು ಕ್ಲಾಸೂ ತಪ್ಪಿಸಲಿಲ್ಲ.

ಮೊದಲ ನಾಲ್ಕು ವಾರ ಯೂನಿಟಿ (ಗೇಮ್ ಕಟ್ಟುವ ಸಾಫ್ಟ್‌ವೇರ್, ಇಂಥದ್ದಕ್ಕೆ ಗೇಮ್ ಎಂಜಿನ್ ಅಂತಾರೆ) ಮತ್ತು ಅದರಲ್ಲಿ ಕೋಡ್ ಬರೆಯೋ ಭಾಷೆ ಸಿ ಶಾರ್ಪ್. ಇದರ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಹೇಳಿಕೊಟ್ಟಿದ್ದರಲ್ಲಿ ಮುಕ್ಕಾಲು ಪಾಲು ಯೂನಿಟಿಯವರ ಸ್ವಂತ ಕಲಿಕೆಯ ವೆಬ್‌ಸೈಟ್ ಯೂನಿಟಿ ಲರ್ನ್‌ನಲ್ಲಿ ಬಿಟ್ಟಿ ಸಿಗುತ್ತೆ, ಅಲ್ಲಿ ಇನ್ನೂ ಚೆನ್ನಾಗಿದೆ. ಹದಿನೆಂಟು ಜನರಿಗೆ ಹದಿನಾಲ್ಕು ಕಂಪ್ಯೂಟರು. ಅದರಲ್ಲಿ ಎಂಟಕ್ಕೆ ಮಾತ್ರ ಗ್ರಾಫಿಕ್ಸ್ ಕಾರ್ಡ್ ಇತ್ತು. ಬೇಗ ಹೋದವರಿಗೆ ಒಳ್ಳೇ ಮೆಷಿನ್, ದೂರದಿಂದ ಬರೋರಿಗೆ ಉಳಿದದ್ದು. ಇದು ನನಗೆ ನಿಜವಾಗಲೂ ಬೇಜಾರಾದ ವಿಷಯ.

ಐದನೇ ವಾರದಿಂದ ಎಲ್ಲಾ ಬದಲಾಯಿತು. ಕಲಿಸೋಕೆ ಬಂದವರು ಗೇಮ್‌ಗಳಿಗೆ ತ್ರೀಡಿ ಮಾಡೆಲ್ ಮಾಡುವ ಕೆಲಸದಲ್ಲೇ ಇರುವ ಒಬ್ಬ ಆರ್ಟಿಸ್ಟ್. ವಾರವಿಡೀ ಸ್ಟುಡಿಯೋದಲ್ಲಿ ದುಡಿದು ಶನಿವಾರ ಇಲ್ಲಿಗೆ ಬರುತ್ತಿದ್ದರು. ಮೊದಲ ದಿನವೇ ಕೇಳಿದರು, "ನಿಮ್ಮಲ್ಲಿ ಎಷ್ಟು ಜನ ಗೇಮ್ ಡಿಸೈನರ್ ಆಗಬೇಕು ಅಂತ ಬಂದಿದ್ದೀರಿ?" ಹದಿನಾರು ಕೈ ಮೇಲೆದ್ದವು. "ಡಿಸೈನರ್ ಅಂದರೆ ಏನು ಮಾಡ್ತಾರೆ?" ಅಂದಾಗ ಯಾರೂ ಬಾಯಿ ಬಿಡಲಿಲ್ಲ.

ಆಮೇಲೆ ಬೋರ್ಡಿನ ಮೇಲೆ ಒಂದು ಗೇಮ್‌ನ ಹಿಂದೆ ಯಾರ್ಯಾರು ಇರುತ್ತಾರೆ ಅಂತ ಬರೆದರು. ಆಟದ ನಿಯಮ ಕಟ್ಟುವ ಡಿಸೈನರ್, ಜಾಗಗಳನ್ನು ಕಟ್ಟುವ ಲೆವೆಲ್ ಡಿಸೈನರ್, ಕೋಡ್ ಬರೆಯೋರು, ಆ ಕೋಡ್ ಬರೆಯೋರಿಗೇ ಸಲಕರಣೆ ಮಾಡಿಕೊಡುವ ಟೂಲ್ಸ್ ಪ್ರೋಗ್ರಾಮರ್, ಯಾವುದು ಹೇಗೆ ಕಾಣಬೇಕು ಅಂತ ಮೊದಲು ಚಿತ್ರ ಬರೆಯುವ ಕಾನ್ಸೆಪ್ಟ್ ಆರ್ಟಿಸ್ಟ್, ಪಾತ್ರಗಳ ಮೈಯೊಳಗೆ ಮೂಳೆ ಕೂರಿಸುವ ರಿಗ್ಗರ್, ಅನಿಮೇಟರ್, ಸೌಂಡ್‌ನವರು, ಟೆಸ್ಟರ್, ಇವರೆಲ್ಲರ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುವಂತೆ ನೋಡಿಕೊಳ್ಳುವ ಪ್ರೊಡ್ಯೂಸರ್. ಬೆಂಗಳೂರಿನಲ್ಲಿ ಆರ್ಟ್ ಕೆಲಸ ಯಾಕೆ ಜಾಸ್ತಿ ಅಂತಲೂ ಹೇಳಿದರು. ಧ್ರುವ ಇಂಟರಾಕ್ಟಿವ್ ಅನ್ನೋ ಕಂಪನಿ ಇಲ್ಲಿ 1997ರಲ್ಲೇ ಶುರುವಾಯಿತು, ಹೊರದೇಶದ ದೊಡ್ಡ ಗೇಮ್‌ಗಳಿಗೆ ಕಾರು, ಕಟ್ಟಡ, ಸಾಮಾನು ಮಾಡಿಕೊಡುತ್ತಿತ್ತು. ಫೋರ್ಜಾ ಮೋಟಾರ್‌ಸ್ಪೋರ್ಟ್ ಅನ್ನೋ ರೇಸ್ ಗೇಮ್‌ನ ಕಾರುಗಳ ಹಿಂದೆ ಇಲ್ಲಿನವರ ಕೈ ಇದೆ. 2019ರಲ್ಲಿ ಧ್ರುವವನ್ನು ಜಿಟಿಎ ಗೇಮ್ ಮಾಡುವ ರಾಕ್‌ಸ್ಟಾರ್ ಕೊಂಡುಕೊಂಡಿತು. ಹಾಗಂತ ನಮ್ಮ ದೇಶದಲ್ಲಿ ಸ್ವಂತ ಗೇಮ್ ಮಾಡೋರು ಇಲ್ಲ ಅಂತಲ್ಲ. ಪುಣೆಯ ಒಂದು ಸಣ್ಣ ತಂಡ 2020ರಲ್ಲಿ ರಾಜಿ ಅನ್ನೋ ಗೇಮ್ ಬಿಡುಗಡೆ ಮಾಡಿತಲ್ವಾ. ಆದರೆ ಸ್ವಂತ ಗೇಮ್ ಮಾಡುವ ತಂಡಗಳು ಚಿಕ್ಕವು, ಹೊಸಬರನ್ನು ಡಿಸೈನರ್ ಅಂತ ನೇರವಾಗಿ ಸೇರಿಸಿಕೊಳ್ಳುವುದು ಕಡಿಮೆ. ಈ ಒಂದು ಗಂಟೆಯ ಮಾತು ನನಗೆ ಎರಡು ವರ್ಷದಿಂದ ಬೇಕಾಗಿತ್ತು.

ಮುಂದಿನ ಮೂರು ವಾರ ನಾವು ಮಾಡಿದ್ದು ಒಂದೇ ವಸ್ತು. ಒಂದು ತಾಮ್ರದ ಚೊಂಬು. ತ್ರೀಡಿ ಮಾಡೆಲ್‌ನ ಮೈಯೆಲ್ಲ ಸಣ್ಣ ಸಣ್ಣ ತ್ರಿಕೋನಗಳಿಂದ ಆಗಿರುತ್ತೆ. ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್‌ನಲ್ಲಿ ನಾನು ಮಾಡಿದ ಮೊದಲ ಚೊಂಬಿಗೆ 22,000 ತ್ರಿಕೋನ ಬಂದಿತ್ತು. ನುಣುಪಾಗಿ, ಹೊಳೆಯುತ್ತಾ, ತುಂಬಾ ಚೆನ್ನಾಗಿ ಕಾಣುತ್ತಿತ್ತು. ಸರ್ ನೋಡಿ, "ಇದು ಅಡುಗೆಮನೆಯ ಮೂಲೆಯಲ್ಲಿ ಇರೋ ಚೊಂಬಮ್ಮಾ. ಆಡೋರು ಎರಡು ಸೆಕೆಂಡ್ ನೋಡ್ತಾರೆ. 1,500ಕ್ಕೆ ಇಳಿಸು" ಅಂದರು. ಸೆಕೆಂಡಿಗೆ 60 ಫ್ರೇಮ್ (ಅಂದರೆ 60 ಚಿತ್ರ) ಓಡುವ ಗೇಮ್‌ನಲ್ಲಿ ಒಂದೊಂದು ಫ್ರೇಮ್‌ಗೆ ಸಿಗೋದು 16 ಮಿಲಿಸೆಕೆಂಡ್ ಚಿಲ್ಲರೆ. ಅಷ್ಟರಲ್ಲಿ ಇಡೀ ಅಡುಗೆಮನೆ, ಅದರಲ್ಲಿ ಓಡಾಡುವ ಜನ, ಬೆಳಕು, ನೆರಳು ಎಲ್ಲಾ ಮುಗಿಯಬೇಕು. ಹಾಗಾಗಿ ಜಾಸ್ತಿ ತ್ರಿಕೋನದ ಚೊಂಬಿನ ಸಣ್ಣ ಸಣ್ಣ ಉಬ್ಬು ತಗ್ಗುಗಳನ್ನೆಲ್ಲ ಒಂದು ಚಿತ್ರಕ್ಕೆ ಇಳಿಸಿ, ಆ ಚಿತ್ರವನ್ನು ಕಮ್ಮಿ ತ್ರಿಕೋನದ ಚೊಂಬಿಗೆ ಹೊದಿಸಬೇಕು. ಇದಕ್ಕೆ ನಾರ್ಮಲ್ ಮ್ಯಾಪ್ ಬೇಕ್ ಮಾಡೋದು ಅಂತಾರೆ. ನನ್ನದು ನಾಲ್ಕನೇ ಸಲಕ್ಕೆ ಸರಿಯಾಯಿತು.

ಆಮೇಲೆ ಬಣ್ಣ. ಮೈತುಂಬಾ ಒಂದೇ ತಾಮ್ರದ ಬಣ್ಣ ಹಚ್ಚಿದ್ದೆ. ಸರ್ ಕೇಳಿದರು, "ನಿಮ್ಮ ಮನೆಯಲ್ಲಿ ಚೊಂಬು ಇದೆಯಾ? ಹೋಗಿ ನೋಡಿಕೊಂಡು ಬಾ." ಮನೆಗೆ ಬಂದು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಹೊಟ್ಟೆಯ ಭಾಗ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ತಿಳಿ ಕೆಂಪಾಗಿದೆ. ಅಂಚಿನ ಕೆಳಗಿನ ಸಂದಿಯಲ್ಲಿ ಕಪ್ಪು, ಒಂದು ಕಡೆ ಹಸಿರು ಕಿಲುಬು. ಅಮ್ಮ, "ಆ ಸಂದಿಗೆ ಬೆರಳು ಹೋಗಲ್ಲ ಕಣೇ" ಅಂದರು. ತಳದಲ್ಲಿ ಕಲ್ಲಿನ ಮೇಲೆ ಇಟ್ಟಿಟ್ಟು ಗೀರು ಬಿದ್ದಿತ್ತು. ಒಂದು ಕಡೆ ತಗ್ಗು, ಅದು ಅಜ್ಜಿ ಕಾಲದ್ದಂತೆ. ಇದನ್ನೆಲ್ಲ ಹಾಗೇ ಟೆಕ್ಸ್ಚರ್‌ನಲ್ಲಿ, ಅಂದರೆ ಮಾಡೆಲ್ ಮೇಲೆ ಹೊದಿಸುವ ಬಣ್ಣದ ಚಿತ್ರದಲ್ಲಿ, ತಂದೆ. ಸರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಪ್ರಾಪ್ ಆರ್ಟಿಸ್ಟ್ ಕೆಲಸ ಅಂದ್ರೆ ಇದೇ" ಅಂದರು. ಪ್ರಾಪ್ ಅಂದರೆ ಗೇಮ್‌ನಲ್ಲಿ ಕಾಣುವ ಸಾಮಾನು ಸರಂಜಾಮು. ಅದನ್ನು ಮಾಡೋದೇ ಒಂದು ಪೂರ್ತಿ ಉದ್ಯೋಗ ಅಂತ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಒಂದು ಭಾನುವಾರ ಟೆಸ್ಟಿಂಗ್ ಕ್ಲಾಸ್ ಇತ್ತು. ಕಲಿಸಿದ ಮೇಡಂ ಕೂಡ ಗೇಮ್ ಟೆಸ್ಟಿಂಗ್ ಕೆಲಸದಲ್ಲೇ ಇರೋರು. ಕ್ಲಾಸಿನಲ್ಲಿ ನಾವೇ ಮಾಡ್ತಿದ್ದ ಪ್ರಾಜೆಕ್ಟ್ ಗೇಮ್ ಆಡಿಸಿ, ತಪ್ಪು ಹುಡುಕಿ ಬರೆಯಿರಿ ಅಂದರು. ನಾನು "ಹುಡುಗ ಬಾವಿಯೊಳಗೆ ಬೀಳುತ್ತಾನೆ" ಅಂತ ಬರೆದೆ. ವಾಪಸ್ ಕೊಟ್ಟರು. ಯಾವ ಬಿಲ್ಡ್ (ಗೇಮ್‌ನ ಯಾವ ಆವೃತ್ತಿ), ಎಲ್ಲಿಂದ ಓಡಿ ಬಂದಾಗ, ಯಾವ ಬಟನ್ ಒತ್ತಿದಾಗ, ಹತ್ತರಲ್ಲಿ ಎಷ್ಟು ಸಲ? ಮತ್ತೆ ಕೂತು ಆಡಿ ನೋಡಿದೆ. ಎಡಗಡೆಯಿಂದ ಓಡಿ ಬಂದು, ಕಟ್ಟೆ ತಾಗಿದ ಕೂಡಲೇ ಎರಡು ಸಲ ಜಂಪ್ ಒತ್ತಿದರೆ ಹತ್ತರಲ್ಲಿ ಏಳು ಸಲ ಬೀಳುತ್ತಾನೆ, ಬಲಗಡೆಯಿಂದ ಬಂದರೆ ಒಂದು ಸಲವೂ ಇಲ್ಲ. ಹೀಗೆ ಬರೆದುಕೊಟ್ಟ ಐದು ನಿಮಿಷಕ್ಕೆ ಕೋಡ್ ಬರೆದಿದ್ದ ಗೆಳೆಯ ಕಾರಣ ಕಂಡುಹಿಡಿದ. ಎಡಗಡೆಯ ಕೊಲೈಡರ್, ಅಂದರೆ ಪಾತ್ರವನ್ನು ತಡೆಯೋ ಕಣ್ಣಿಗೆ ಕಾಣದ ಗೋಡೆ, ಕಟ್ಟೆಗಿಂತ ಗಿಡ್ಡ ಇತ್ತು. ಟೆಸ್ಟರ್ ಅಂದರೆ ಸುಮ್ನೆ ಗೇಮ್ ಆಡ್ತಾ ಕೂತಿರೋದು ಅಂತ ಹೇಳೋರಿಗೆ ಈ ಒಂದು ಕ್ಲಾಸ್ ತೋರಿಸಬೇಕು.

ಈಗ ದೂರು. ಸೇರುವಾಗ ಕೌನ್ಸೆಲರ್ ಫೋನಿನಲ್ಲಿ "ಹಂಡ್ರೆಡ್ ಪರ್ಸೆಂಟ್ ಪ್ಲೇಸ್‌ಮೆಂಟ್" ಅಂದಿದ್ದರು. ಕೊನೆಯ ಕಂತು ಕಟ್ಟಿದ ಮೇಲೆ ಬಂದಿದ್ದು ಎರಡು ಕರೆ. ಒಂದು ಮದುವೆ ವಿಡಿಯೋ ಎಡಿಟಿಂಗ್‌ಗೆ, ಇನ್ನೊಂದು ಕಸ್ಟಮರ್ ಸಪೋರ್ಟ್‌ಗೆ. ಬ್ರೋಷರ್‌ನಲ್ಲಿ "ಇಲ್ಲೆಲ್ಲ ಅವಕಾಶ" ಅಂತ ಇದ್ದ ಪಟ್ಟಿಯಲ್ಲಿ ದುಡ್ಡು ಕಟ್ಟಿ ಆಡುವ ರಮ್ಮಿ, ಫ್ಯಾಂಟಸಿ ಆ್ಯಪ್‌ಗಳದ್ದೇ ಅರ್ಧ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿದೆ. ಅದಾದ ಮೇಲೂ ಅದೇ ಬ್ರೋಷರ್ ಹಂಚೋದು ಸರಿಯಲ್ಲ. ಮಕ್ಕಳ ಮನೆಯವರು ಅದನ್ನು ನೋಡಿ ಸಾಲ ಮಾಡ್ತಾರೆ. 2025ರ ಫೆಬ್ರವರಿಯಲ್ಲಿ ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡಿಕೊಡುತ್ತಿದ್ದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನಲ್ಲೂ ಅನಿಮೇಷನ್, ವಿಎಫ್‌ಎಕ್ಸ್ (ಸಿನಿಮಾದ ಗ್ರಾಫಿಕ್ಸ್) ಮಾಡುವ ಎಷ್ಟೋ ಜನ ಕೆಲಸ ಕಳೆದುಕೊಂಡರು. ಈ ವಿಷಯವನ್ನು ಸರ್ ನಮ್ಮ ಮುಂದೆ ಮುಚ್ಚಿಡದೆ ಹೇಳಿದರು. ಆಫೀಸಿನವರು ಒಂದು ಸಲವೂ ಎತ್ತಲಿಲ್ಲ.

ಇನ್ನೊಂದು ವಿಷಯವೂ ಸರ್ ಬಾಯಿಂದಲೇ ಗೊತ್ತಾಗಿದ್ದು. ಎನ್‌ಐಡಿಯ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್) ಬೆಂಗಳೂರು ಕ್ಯಾಂಪಸ್‌ನಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನಲ್ಲಿ ಎಂ.ಡೆಸ್, ಅಂದರೆ ಡಿಸೈನ್ ಸ್ನಾತಕೋತ್ತರ ಪದವಿ, ಇದೆ, ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಆ ಕ್ಯಾಂಪಸ್ ಇರೋದು ತುಮಕೂರು ರಸ್ತೆಯ ಪಕ್ಕದಲ್ಲೇ. ಬಸ್ಸಿನಲ್ಲಿ ಎಷ್ಟು ಸಲ ಆ ದಾರಿಯಲ್ಲಿ ಹೋಗಿದ್ದೇನೋ ಲೆಕ್ಕವಿಲ್ಲ.

ನನ್ನ ಲ್ಯಾಪ್‌ಟಾಪ್ ಹಳೆಯದು, ಯೂನಿಟಿ ತೆರೆದರೆ ಫ್ಯಾನ್ ಕೂಗುತ್ತೆ. ಮನೆಯಲ್ಲಿ ಈಗ ಗೊಡೋ ಅನ್ನೋ ಇನ್ನೊಂದು ಗೇಮ್ ಎಂಜಿನ್‌ನಲ್ಲಿ ಕಲಿಯುತ್ತಿದ್ದೇನೆ. ಪೂರ್ತಿ ಉಚಿತ, ಇನ್‌ಸ್ಟಾಲ್ ಮಾಡೋ ಗೋಜಿಲ್ಲ, ಅದರ ಕೋಡ್ ಭಾಷೆ ಜಿಡಿಸ್ಕ್ರಿಪ್ಟ್ ನೋಡೋಕೆ ಪೈಥಾನ್ ಥರ ಇದೆ. ಬ್ಲೆಂಡರ್ ಕೂಡ ಉಚಿತ. ಹಾಗಾಗಿ ಸಾಫ್ಟ್‌ವೇರ್ ಕಲಿಯೋಕೆ ಅಂತ ಯಾರೂ 53,100 ಕೊಡಬೇಡಿ. ಕೊಡೋದಾದರೆ ಆ ಕೆಲಸ ಮಾಡುವವರ ಪಕ್ಕ ಕೂತು, ನಿಮ್ಮ ಕೆಲಸ ಅವರ ಕಣ್ಣಿಗೆ ಬಿದ್ದು, ಎಲ್ಲಿ ತಪ್ಪಿದೆ ಅಂತ ಹೇಳಿಸಿಕೊಳ್ಳೋಕೆ ಕೊಡಿ. ನನಗೆ ಆ ಒಂದು ತಿಂಗಳು ಸಿಕ್ಕಿತು. ಕೋಡೂ ಬೇಕು, ಚಿತ್ರವೂ ಬೇಕು ಅನ್ನೋ ನನ್ನಂಥವರಿಗೆ ಟೆಕ್ನಿಕಲ್ ಆರ್ಟಿಸ್ಟ್ ಅನ್ನೋ ದಾರಿ ಇದೆ ಅಂತ ಗೊತ್ತಾಗಿದ್ದೂ ಅಲ್ಲೇ. ಆರ್ಟಿಸ್ಟ್‌ಗಳಿಗೂ ಪ್ರೋಗ್ರಾಮರ್‌ಗಳಿಗೂ ನಡುವೆ ನಿಂತು, ಶೇಡರ್ (ವಸ್ತುವಿನ ಬಣ್ಣ, ಬೆಳಕು ಪರದೆ ಮೇಲೆ ಹೇಗೆ ಕಾಣಬೇಕು ಅಂತ ಹೇಳೋ ಕೋಡ್) ಬರೆದು, ಚಿತ್ರ ಗೇಮ್‌ನಲ್ಲಿ ಸರಾಗವಾಗಿ ಓಡುವ ಹಾಗೆ ಮಾಡೋ ಕೆಲಸ ಅದು. ಈಗ ಅದಕ್ಕೇ ಓದುತ್ತಿದ್ದೇನೆ.

ಐದಕ್ಕೆ ಮೂರು ಕೊಡ್ತೀನಿ. ಆ ಮೂರೂ ಸರ್ ಮತ್ತು ಮೇಡಂ ಅವರಿಗೆ. ಸೇರೋ ಮುಂಚೆ ಪಾಠ ಮಾಡೋರು ಈಗ ಯಾವ ಕೆಲಸದಲ್ಲಿದ್ದಾರೆ ಅಂತ ಕೇಳಿ, ಹಳೇ ವಿದ್ಯಾರ್ಥಿಗಳ ಪೋರ್ಟ್‌ಫೋಲಿಯೋ ತೋರಿಸಿ ಅನ್ನಿ, ಪ್ಲೇಸ್‌ಮೆಂಟ್ ಮಾತನ್ನು ಬರೆದು ಕೊಡೋಕೆ ಹೇಳಿ, ಒಂದು ಶನಿವಾರ ಸುಮ್ನೆ ಹಿಂದೆ ಕೂತು ಕ್ಲಾಸ್ ನೋಡ್ತೀನಿ ಅನ್ನಿ. ನಮ್ಮ ಸರ್ ಮುಂದಿನ ಬ್ಯಾಚ್‌ಗೆ ಬರೋದು ಇನ್ನೂ ಖಚಿತ ಆಗಿಲ್ಲವಂತೆ. ಅವರು ಇಲ್ಲದಿದ್ದರೆ ನನ್ನ ತಂಗಿಯನ್ನು ನಾನು ಅಲ್ಲಿಗೆ ಸೇರಿಸಲ್ಲ.