ಹ್ಯಾಡಿಕ್ಸ್ ಸೋತ ಆಟ: ಬಾಕ್ಸ್ ಸ್ಕೋರ್ ಓದಬೇಕೋ, ಪ್ಲೇ-ಬೈ-ಪ್ಲೇ ಓದಬೇಕೋ?

1959ರ ಮೇ 26ರ ರಾತ್ರಿ, ಮಿಲ್ವಾಕಿಯ ಕೌಂಟಿ ಸ್ಟೇಡಿಯಂ. ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡದ ಪಿಚರ್ (ಚೆಂಡು ಎಸೆಯುವವರು) ಹಾರ್ವಿ ಹ್ಯಾಡಿಕ್ಸ್ ಎದುರು ಮಿಲ್ವಾಕಿ ಬ್ರೇವ್ಸ್ ಬ್ಯಾಟರ್‌ಗಳು ಸರದಿಯಲ್ಲಿ 36 ಸಲ ಬಂದರು, 36 ಸಲವೂ ಔಟಾದರು. 12 ಇನಿಂಗ್ಸ್ ಮುಗಿದರೂ ಒಬ್ಬರೂ ಮೊದಲ ಬೇಸ್ ತಲುಪಲಿಲ್ಲ. ಆದರೂ 13ನೇ ಇನಿಂಗ್ಸ್‌ನಲ್ಲಿ ಹ್ಯಾಡಿಕ್ಸ್ 1-0ರಿಂದ ಸೋತರು. ಈ ಆಟವನ್ನು ನಾನು ಬಾಕ್ಸ್ ಸ್ಕೋರ್‌ನಲ್ಲಿ ಓದಿದೆ, ಪ್ಲೇ-ಬೈ-ಪ್ಲೇಯಲ್ಲಿ (ಒಬ್ಬೊಬ್ಬ ಬ್ಯಾಟರ್‌ನ ಸರದಿಯಲ್ಲಿ ಏನಾಯಿತೆಂಬ ವಿವರ) ಓದಿದೆ, ಕೊನೆಗೆ ಪೆನ್ಸಿಲ್ ಹಿಡಿದು ಸ್ಕೋರ್‌ಶೀಟ್ ತುಂಬಿಸಿಯೂ ನೋಡಿದೆ.

ಬಾಕ್ಸ್ ಸ್ಕೋರ್ ನಮ್ಮ ಕ್ರಿಕೆಟ್ ಸ್ಕೋರ್‌ಕಾರ್ಡ್ ಇದ್ದ ಹಾಗೆ, ಒಂದೇ ನೋಟಕ್ಕೆ ಸಿಗುತ್ತದೆ. ಪೈರೇಟ್ಸ್: 0 ರನ್, 12 ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸಿದ ಹೊಡೆತ), 1 ಎರರ್ (ಫೀಲ್ಡರ್ ತಪ್ಪು). ಬ್ರೇವ್ಸ್: 1 ರನ್, 1 ಹಿಟ್, 0 ಎರರ್. ಇಷ್ಟರಲ್ಲೇ ಅನ್ಯಾಯ ಕಣ್ಣಿಗೆ ಹೊಡೆಯುತ್ತದೆ, ಅಲ್ವಾ? ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಹ್ಯಾಡಿಕ್ಸ್ ಹೆಸರಿನ ಮುಂದಿದ್ದ 12⅔ ಇನಿಂಗ್ಸ್. ಒಂದು ಇನಿಂಗ್ಸ್‌ಗೆ ಮೂರು ಔಟ್. ಅಂದರೆ ಒಟ್ಟು 38 ಔಟ್, 13ನೇ ಇನಿಂಗ್ಸ್‌ನಲ್ಲೇ ಎರಡು. ಒಂದು ಔಟ್ ಬ್ರೇವ್ಸ್‌ನ ಎಡ್ಡಿ ಮ್ಯಾಥ್ಯೂಸ್ ಅವರ ಸ್ಯಾಕ್ರಿಫೈಸ್ ಬಂಟ್ (ತಾನು ಔಟಾಗಿ, ಬೇಸ್‌ನಲ್ಲಿರುವವರನ್ನು ಮುಂದೆ ಸಾಗಿಸುವ ಮೆಲ್ಲನೆಯ ಹೊಡೆತ). ಇನ್ನೊಂದು ಎಲ್ಲಿಂದ ಬಂತು? ಬಾಕ್ಸ್ ಸ್ಕೋರ್‌ನ ಅಂಕಿಗಳನ್ನು ಎಷ್ಟು ಸಲ ತಿರುಗಿಸಿ ನೋಡಿದರೂ ಅದು ಗೊತ್ತಾಗುವುದಿಲ್ಲ.

ಪ್ಲೇ-ಬೈ-ಪ್ಲೇ ತೆರೆದರೆ ಗೊತ್ತಾಗುತ್ತದೆ. ಪೈರೇಟ್ಸ್‌ನ ಮೂರನೇ ಬೇಸ್ ಫೀಲ್ಡರ್ ಡಾನ್ ಹೋಕ್ ತಪ್ಪಾಗಿ ಎಸೆದಿದ್ದರಿಂದ ಬ್ರೇವ್ಸ್‌ನ ಫೆಲಿಕ್ಸ್ ಮಾಂಟಿಯ ಮೊದಲ ಬೇಸ್ ಸೇರಿದರು. ಮ್ಯಾಥ್ಯೂಸ್ ಬಂಟ್ ಮಾಡಿ ಅವರನ್ನು ಮುಂದೆ ಸಾಗಿಸಿದರು. ಹ್ಯಾಂಕ್ ಆರನ್‌ಗೆ ಬೇಕೆಂದೇ ವಾಕ್ (ಹೊಡೆಯದೆಯೇ ಮೊದಲ ಬೇಸ್) ಕೊಟ್ಟರು. ಆಮೇಲೆ ಜೋ ಆಡ್ಕಾಕ್ ಚೆಂಡನ್ನು ಬೇಲಿಯಾಚೆ ಹೊಡೆದರು, ಅಂದರೆ ಹೋಮ್ ರನ್. ಚೆಂಡು ಬೇಲಿ ದಾಟಿದ್ದು ತಿಳಿಯದ ಆರನ್, ಆಟ ಮುಗಿಯಿತೆಂದು ಎರಡನೇ ಬೇಸ್ ದಾಟಿ ಡಗೌಟ್ ಕಡೆಗೆ ತಿರುಗಿದರು. ಆಡ್ಕಾಕ್ ಆರನ್‌ರನ್ನು ಹಿಂದೆ ಹಾಕಿ ಓಡಿದರು, ನಿಯಮದ ಪ್ರಕಾರ ಆಡ್ಕಾಕ್ ಔಟ್! ಮೊದಲು 2-0 ಎಂದಿದ್ದ ಸ್ಕೋರನ್ನು ಲೀಗ್ ಅಧ್ಯಕ್ಷ ವಾರನ್ ಗೈಲ್ಸ್ 1-0 ಎಂದು ತಿದ್ದಿದರು. ಹೋಮ್ ರನ್ ಹೋಗಿ ಡಬಲ್ (ಎರಡು ಬೇಸ್‌ನ ಹಿಟ್) ಆಯಿತು. 38ನೇ ಔಟ್ ಇದೇ.

ಪೈರೇಟ್ಸ್‌ಗೆ 12 ಹಿಟ್‌ಗೂ ರನ್ ಯಾಕೆ ಬರಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಮೂರನೇ ಇನಿಂಗ್ಸ್‌ನಲ್ಲಿ ರೋಮನ್ ಮೆಹಿಯಾಸ್ ಆತುರಪಟ್ಟು ಮೂರನೇ ಬೇಸ್‌ಗೆ ಓಡಿ ಔಟಾದರು. ಮುಂದಿನ ಬ್ಯಾಟರ್ ಡಿಕ್ ಸ್ಕೋಫೀಲ್ಡ್ ಸಿಂಗಲ್ (ಒಂದು ಬೇಸ್‌ನ ಹಿಟ್) ಹೊಡೆದರು! ಮೆಹಿಯಾಸ್ ಸುಮ್ನೆ ಎರಡನೇ ಬೇಸ್‌ನಲ್ಲೇ ನಿಂತಿದ್ದರೆ? ಇದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು.

ಪ್ಲೇ-ಬೈ-ಪ್ಲೇಗೂ ಒಂದು ಕೊರತೆ ಇದೆ. ಬ್ರೇವ್ಸ್ ಬ್ಯಾಟಿಂಗ್ ಭಾಗದಲ್ಲಿ ಬರೀ ಔಟ್, ಔಟ್, ಔಟ್. ನಾಲ್ಕನೇ ಇನಿಂಗ್ಸ್ ಹೊತ್ತಿಗೆ ಕಣ್ಣು ಸಾಲು ಹಾರಿಸತೊಡಗುತ್ತದೆ.

ಸ್ಕೋರ್‌ಶೀಟ್‌ನಲ್ಲಿ ಹಾಗೆ ಹಾರಿಸಲು ಆಗುವುದಿಲ್ಲ. ಪ್ಲೇ-ಬೈ-ಪ್ಲೇ ನೋಡಿಕೊಂಡು ಒಂದೊಂದೇ ಚೌಕದಲ್ಲಿ ಗುರುತು ಹಾಕಬೇಕು. ಪ್ರತಿ ಫೀಲ್ಡರ್ ಸ್ಥಾನಕ್ಕೂ ಒಂದು ಅಂಕಿ: ಶಾರ್ಟ್‌ಸ್ಟಾಪ್ (ಎರಡು ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ಹಿಡಿದು ಮೊದಲ ಬೇಸ್‌ಗೆ ಎಸೆದರೆ 6-3, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆದರೆ ‘ಕೆ’ ಎಂಬ ಅಕ್ಷರ. ಹ್ಯಾಡಿಕ್ಸ್ ಎಂಟು ಸ್ಟ್ರೈಕ್‌ಔಟ್ ಮಾಡಿದ್ದರು. ಸಮಯ ಜಾಸ್ತಿ ಬೇಕು, ನಿಜ. ಆದರೆ 12 ಕಾಲಂಗಳಲ್ಲಿ ಬೇಸ್‌ಗಳ ಗೆರೆ ಒಂದೂ ಮೂಡದೆ, 13ನೆಯದರಲ್ಲಿ ಮೊದಲ ಗುರುತೇ ಇ5 (ಮೂರನೇ ಬೇಸ್ ಫೀಲ್ಡರ್ ಎರರ್) ಎಂದು ಬರೆಯಬೇಕಾದಾಗ ಆ ರಾತ್ರಿಯ ಭಾರ ಕೈಗೇ ತಟ್ಟುತ್ತದೆ. ನನ್ನ ಮತ ಇದಕ್ಕೇ. ಬಿಡುವಿಲ್ಲದವರು ಬಾಕ್ಸ್ ಸ್ಕೋರ್ ನೋಡಿ, ಜೊತೆಗೆ ಪ್ಲೇ-ಬೈ-ಪ್ಲೇಯಲ್ಲಿ 3 ಮತ್ತು 13ನೇ ಇನಿಂಗ್ಸ್ ಓದಿದರೆ ಸಾಕು.

ಹಾಳೆ ತುಂಬಿಸುವವರು ಪೈರೇಟ್ಸ್ ಕಡೆಯದನ್ನೂ ಬಿಡಬೇಡಿ. ಬ್ರೇವ್ಸ್‌ನ ಲೂ ಬರ್ಡೆಟ್ 13 ಇನಿಂಗ್ಸ್ ಪಿಚ್ ಮಾಡಿ, 12 ಸಿಂಗಲ್ ಕೊಟ್ಟು, ಒಂದೂ ವಾಕ್ ಕೊಡದೆ, ಒಂದೂ ರನ್ ಬಿಡದೆ ಗೆದ್ದರು. ಎಲ್ಲರೂ ಹ್ಯಾಡಿಕ್ಸ್ ಬಗ್ಗೆಯೇ ಮಾತಾಡುವುದರಿಂದ ಬರ್ಡೆಟ್ ಆಟ ಯಾರ ಕಣ್ಣಿಗೂ ಬೀಳುವುದಿಲ್ಲ.