ನೀರಿನ ಬ್ಯಾಲಸ್ಟ್ ಟ್ಯಾಂಕ್ ಇರುವ ಟ್ರೇಲರ್ ಹಾಯಿದೋಣಿ: ಎರಡು ಹಂಗಾಮಿನ ಬಳಕೆಯ ನಂತರ

ಮಳೆಗಾಲದ ನಾಲ್ಕು ತಿಂಗಳು ದೋಣಿಯನ್ನು ಮನೆಯಂಗಳಕ್ಕೆ ತಂದಿಡಬೇಕಾದ ನಮ್ಮ ಉಡುಪಿಯ ಕಡೆ, ಜೀಪಿನ ಹಿಂದೆ ಎಳೆದೊಯ್ಯುವಷ್ಟು ಹಗುರವೂ ಗಾಳಿಗೆ ಮಗುಚದಷ್ಟು ಭಾರವೂ ಆದ ಹಾಯಿದೋಣಿ ಸಿಗುವುದು ಕಷ್ಟ. ಅದಕ್ಕಾಗಿಯೇ ನಾನು, ತಳದಲ್ಲಿ ಸುಮಾರು 350 ಲೀಟರ್ ನೀರು ಹಿಡಿಯುವ ಬ್ಯಾಲಸ್ಟ್ ಟ್ಯಾಂಕ್ (ಬ್ಯಾಲಸ್ಟ್ ಎಂದರೆ ದೋಣಿ ಮಗುಚದಂತೆ ತಳದಲ್ಲಿಡುವ ಭಾರ) ಉಳ್ಳ 20 ಅಡಿಯ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡು, ಎರಡು ಹಂಗಾಮು ಕೋಡಿಬೆಂಗ್ರೆ–ಹಂಗಾರಕಟ್ಟೆಯ ನಡುವಿನ ಅಳಿವೆಯ ಒಳನೀರಿನಲ್ಲಿ ಓಡಿಸಿದ್ದೇನೆ.

ಮೆಚ್ಚಬೇಕಾದದ್ದು ಅದರ ಸರಳತೆ. ದೋಣಿ ನೀರಿಗಿಳಿದ ಮೇಲೆ ಹಿಂಬದಿಯ ವಾಲ್ವ್ ತೆರೆದು, ಮುಂದಿನ ಗಾಳಿಕಿಂಡಿಯ ಬಿರಡೆ ತೆಗೆದರೆ ಸಾಕು, ಪಂಪಿನ ಹಂಗಿಲ್ಲದೆ ಟ್ಯಾಂಕ್ ತುಂಬುತ್ತದೆ. ಕಿಂಡಿಯ ಮೇಲೆ ಅಂಗೈ ಹಿಡಿದರೆ ಉಸಿರಿನಂತೆ ಗಾಳಿ ತಾಗುತ್ತಿರುತ್ತದೆ. ಅದು ನಿಂತು ನೀರು ಕಾಣಿಸಿಕೊಂಡಾಗ ಎರಡನ್ನೂ ಮುಚ್ಚಬೇಕು. ಮರಳುವಾಗ ಇಳಿಜಾರಿನಲ್ಲಿ ವಾಲ್ವ್ ತೆರೆದಿಟ್ಟು ನಿಧಾನವಾಗಿ ಮೇಲೆಳೆದರೆ, ಅಷ್ಟೂ ಭಾರ ಹೊಳೆಯಲ್ಲೇ ಉಳಿಯುತ್ತದೆ.

ಆದರೆ ಈ ಭಾರದ ಸ್ವಭಾವವನ್ನು ತಿಳಿದುಕೊಳ್ಳದೆ ಯಾರೂ ಹಾಯಿ ಬಿಚ್ಚಬಾರದು. ಬಾವಿಯಲ್ಲಿ ಮುಳುಗಿದ ಕೊಡ ನೀರೊಳಗೆ ಇರುವಷ್ಟು ಹೊತ್ತು ಕೈಗೆ ಭಾರವೆನಿಸುವುದಿಲ್ಲ, ಮೇಲೆ ಬಂದೊಡನೆ ಹಗ್ಗ ಬಿಗಿಯುತ್ತದೆ. ಬ್ಯಾಲಸ್ಟ್ ನೀರಿನ ಕೆಲಸವೂ ಹಾಗೆಯೇ. ದೋಣಿ ಸಾಕಷ್ಟು ವಾಲಿ, ಟ್ಯಾಂಕಿನ ಒಂದು ಬದಿ ಹೊರನೀರಿನ ಮಟ್ಟಕ್ಕಿಂತ ಮೇಲೆದ್ದಾಗಲೇ ಅದು ದೋಣಿಯನ್ನು ಹಿಂದಕ್ಕೆ ನೆಟ್ಟಗೆ ಎಳೆಯುತ್ತದೆ. ಆದ್ದರಿಂದ ಸೀಸದ ಕೀಲ್, ಅಂದರೆ ತಳದಿಂದ ನೀರೊಳಗೆ ಇಳಿದ ಭಾರದ ರೆಕ್ಕೆ, ಇರುವ ದೋಣಿಗಿಂತ ಇದು ಮೊದಲ ಗಾಳಿಗೇ ಬೇಗ ಓರೆಯಾಗುತ್ತದೆ, ಜೊತೆಗಿದ್ದವರು ಗಾಳಿ ಬರುವ ಬದಿಗೆ ಸರಿದು ಕೂರಬೇಕಾಗುತ್ತದೆ. ಸೀಸ ನೀರಿಗಿಂತ ಸುಮಾರು 11 ಪಟ್ಟು ಸಾಂದ್ರವಾದ್ದರಿಂದ, ಅದೇ ತೂಕಕ್ಕೆ ನೀರು ಅಷ್ಟೇ ಪಟ್ಟು ಜಾಗ ಬೇಡುತ್ತದೆ. ಒಳಗೆ ನೆಟ್ಟಗೆ ನಿಲ್ಲಲಾಗದೆ ನನ್ನ ಬೆನ್ನು ಅದರ ಲೆಕ್ಕ ತೀರಿಸುತ್ತಿದೆ.

ಅರ್ಧಂಬರ್ಧ ತುಂಬಿದ ಟ್ಯಾಂಕ್ ಖಾಲಿ ಟ್ಯಾಂಕಿಗಿಂತಲೂ ಕೆಟ್ಟದ್ದು ಎಂಬುದನ್ನು ನಾನು ನನ್ನ ಅವಸರದಿಂದಲೇ ಕಲಿತೆ. ಇಳಿತ ಶುರುವಾಗುವ ಮೊದಲು ಹೊರಡಬೇಕೆಂದು ಮುಕ್ಕಾಲಿಗೇ ಬಿರಡೆ ಹಾಕಿದ್ದೆ. ತಿರುವಿನಲ್ಲಿ ಒಳಗಿನ ನೀರೆಲ್ಲ ಸದ್ದು ಮಾಡುತ್ತ ತಗ್ಗಿದ ಬದಿಗೆ ಓಡಿತು. ಬಾಗಿದ ದೋಣಿ ಏಳುವ ಬದಲು ಅಲ್ಲಿಯೇ ತಡೆದು ನಿಂತಿತು. ಹಾಯಿ ಸಡಿಲಿಸಿ ಪಾರಾದೆವು. ತಯಾರಕರಿಗೂ ಈ ಆತಂಕ ಹೊಸದೇನಲ್ಲ: ಅಮೆರಿಕದ ಮ್ಯಾಕ್‌ಗ್ರೆಗರ್ 26ಎಂ ಮಾದರಿಯಲ್ಲಿ ಸುಮಾರು 520 ಕಿಲೋ ನೀರಿನ ಜೊತೆಗೆ ಸುಮಾರು 135 ಕಿಲೋ ಸ್ಥಿರ ಬ್ಯಾಲಸ್ಟನ್ನೂ ಇಟ್ಟಿದ್ದರು. ನನ್ನದರಲ್ಲಿ ಅದಿಲ್ಲ.

ಅಳಿವೆ ದಾಟಿ ಕಡಲಿಗೆ ಹೋಗುವವರಿಗೂ, ದೋಣಿಯನ್ನು ಸದಾ ದಕ್ಕೆಯಲ್ಲೇ ಕಟ್ಟಿಡುವವರಿಗೂ ನಾನು ಇದನ್ನು ಕೊಳ್ಳಿ ಎಂದು ಹೇಳುವುದಿಲ್ಲ. ಒಳನೀರಿನ ಮರಳುದಿಬ್ಬಗಳ ನಡುವೆ ಸುತ್ತಿ, ಸಂಜೆಗೆ ಮನೆಗೆ ಎಳೆದು ತರುವವರಿಗೆ ಸರಿ. ಉಪ್ಪುನೀರಿನ ಕೆಸರು ಮಾತ್ರ ಟ್ಯಾಂಕಿನ ಮೂಲೆಯಲ್ಲಿ ಕೂತು ನಾರುತ್ತದೆ. ಪ್ರತಿ ಸಲವೂ ಬಾವಿನೀರಿನಲ್ಲಿ ತೊಳೆಯುತ್ತೇನಾದರೂ, ಈಗಿರುವ ಮುಚ್ಚಳದೊಳಗೆ ಮೊಣಕೈ ತೂರುವುದಿಲ್ಲ. ಈ ಮಳೆಗಾಲದಲ್ಲಿ ಅದನ್ನು ದೊಡ್ಡದಾಗಿ ಕೊರೆಸಬೇಕು.