ಕಂತು ತಪ್ಪಿದಾಗ: ಪಾರ್ಷಿಯಲ್ ಕ್ಲೇಮ್ ಮೇಲೋ, ಸಾಲದ ಮಾರ್ಪಾಡು ಮೇಲೋ?

ಅಮೆರಿಕದಲ್ಲಿ ಎಫ್‌ಎಚ್‌ಎ (ಗೃಹಸಾಲಗಳಿಗೆ ವಿಮೆ ಒದಗಿಸುವ ಸರ್ಕಾರಿ ಸಂಸ್ಥೆ) ವಿಮೆಯುಳ್ಳ ಗೃಹಸಾಲದ ಕಂತುಗಳು ತಪ್ಪಿ ಮನೆ ಹರಾಜಿನ ಭೀತಿ ಎದುರಾದವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. ಪಾರ್ಷಿಯಲ್ ಕ್ಲೇಮ್‌ನಲ್ಲಿ ಬಾಕಿ ಕಂತುಗಳು ಬಡ್ಡಿಯಿಲ್ಲದ ಎರಡನೆಯ ಸಾಲವಾಗಿ ಪಕ್ಕಕ್ಕೆ ಸರಿಯುತ್ತವೆ. ಮನೆ ಮಾರಿದಾಗ, ಮರುಸಾಲ ಪಡೆದಾಗ ಅಥವಾ ಮೂಲ ಸಾಲ ತೀರಿದಾಗ ಅದನ್ನು ಕಟ್ಟಿದರೆ ಸಾಕು, ಮತ್ತು ಹಳೆಯ ಬಡ್ಡಿದರ ಹಾಗೆಯೇ ಉಳಿಯುತ್ತದೆ. ಮಾರ್ಪಾಡಿನಲ್ಲಾದರೋ ಬಾಕಿಯನ್ನು ಅಸಲಿಗೆ ಸೇರಿಸಿ, ಅವಧಿಯನ್ನು 30 ಅಥವಾ 40 ವರ್ಷಕ್ಕೆ ಹಿಗ್ಗಿಸಿ, ಮಾರುಕಟ್ಟೆಯ ದರವನ್ನು ಹೊಸದಾಗಿ ನಿಗದಿಪಡಿಸುತ್ತಾರೆ.

ಈ ದರದ ವ್ಯತ್ಯಾಸವನ್ನು ದಯವಿಟ್ಟು ಲೆಕ್ಕ ಹಾಕಿ ನೋಡಿ. ಶೇ. 3ರ ದರದಲ್ಲಿ 26 ವರ್ಷ ಉಳಿದಿರುವ 2,50,000 ಡಾಲರ್ ಸಾಲಕ್ಕೆ ತೆರಿಗೆ, ವಿಮೆ ಬಿಟ್ಟು ತಿಂಗಳಿಗೆ ಸುಮಾರು 1,155 ಡಾಲರ್ ಬರುತ್ತದೆ. 8,000 ಬಾಕಿ ಸೇರಿಸಿ ಶೇ. 6.5ರಲ್ಲಿ 40 ವರ್ಷಕ್ಕೆ ಹಿಗ್ಗಿಸಿದರೂ ಅದು ಸುಮಾರು 1,510ಕ್ಕೆ ಏರುತ್ತದೆ. ಆದ್ದರಿಂದ 2020-21ರ ಅಗ್ಗದ ಸಾಲವುಳ್ಳವರು, ಆದಾಯ ಮರಳಿ ಬಂದಿದ್ದರೆ, ಪಾರ್ಷಿಯಲ್ ಕ್ಲೇಮನ್ನೇ ಮೊದಲು ಕೇಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ದುಬಾರಿ ದರದ ಸಾಲವಿದ್ದು ಆದಾಯವೇ ಕುಗ್ಗಿದ್ದರೆ ಮಾರ್ಪಾಡು ಹೊಂದುತ್ತದೆ.

ಯಾವುದೇ ದಾರಿಯಾಗಲಿ, ಸಾಮಾನ್ಯವಾಗಿ 120 ದಿನಗಳ ಬಾಕಿ ಮೀರುವ ಮುನ್ನ ಹರಾಜು ಪ್ರಕ್ರಿಯೆ ಆರಂಭವಾಗುವಂತಿಲ್ಲ. ಆ ಅವಧಿಯೊಳಗೇ ಪೂರ್ಣ ಅರ್ಜಿ ಸಲ್ಲಿಸಿ.